ಒಣಗದ ಕಿರೀಟ

"ಮುಟ್ಟಬೇಡಿ ಖಾಲಾ, ಇನ್ನೂ ಹಸಿ ಐತೆ!"

ಅಫ್ಜಲುನ್ನೀಸಾ ಕೂಗುವಷ್ಟರಲ್ಲಿ ಪಕ್ಕದ ಮನೆಯ ರಹಮತ್ ಬಿ ಕಿರೀಟವನ್ನು ಎತ್ತಿಯಾಗಿತ್ತು. ಮುದುಕಿಯ ಬೆರಳುಗಳು ವಾರ್ನಿಷಿಗೆ ಅಂಟಿಕೊಂಡವು.

"ಯಾ ಅಲ್ಲಾ! ಗಂಡ ಒಳಗೆ ಮಲಗವ್ನೆ, ಇವಳಿಗೆ ಕಿರೀಟದ ಚಿಂತೆ," ಎಂದು ಗೊಣಗುತ್ತಾ ರಹಮತ್ ಬಿ ಕೈಯನ್ನು ಗೋಡೆಗೆ ಒರೆಸಿದಳು.

ಮಸೀದಿಯಿಂದ ತಂದ ಹಲಗೆ ಹಿತ್ತಲ ಬಾಗಿಲಿಗೆ ಒರಗಿತ್ತು. ಅದರ ಮೇಲೆ ಮಲಗಿಸಿಯೇ ಮಯ್ಯತ್ತಿಗೆ ಕೊನೆಯ ಸ್ನಾನ ಮಾಡಿಸಬೇಕು. ಆದರೆ ಹಲಗೆ ಹಾಕುವಷ್ಟು ಜಾಗ ಹಿತ್ತಲಲ್ಲಿ ಎಲ್ಲಿತ್ತು? ನೆಲದ ತುಂಬ ಭುಜಕೀರ್ತಿಗಳು, ಹಗ್ಗದ ಮೇಲೆ ಮಖಮಲ್ಲಿನ ಅಂಗಿಗಳು, ಬಾವಿಕಟ್ಟೆಯ ಮೇಲೆ ಭೀಮನ ಗದೆ. ಬೆಳಗಿನ ನಮಾಜಿಗೆಂದು ಎದ್ದ ಅವಳ ಗಂಡ, ಡ್ರಾಯಿಂಗ್ ಮೇಷ್ಟ್ರು ಕುತುಬುದ್ದೀನರು, ಎದೆ ಹಿಡಿದುಕೊಂಡು ಬಚ್ಚಲ ಬಳಿ ಕುಸಿದಿದ್ದರು. ಒಂದು ಮಾತೂ ಆಡದೆ ಹೋಗಿಬಿಟ್ಟಿದ್ದರು.

ಅಫ್ಜಲುನ್ನೀಸಾ ಅಂಗಿಗಳನ್ನು ಒಂದೊಂದಾಗಿ ಎಳೆದು ತೋಳಿನ ಮೇಲೆ ಹೇರಿಕೊಂಡಳು. ಹೆಂಗಸರೆಲ್ಲ ಅವಳ ಕಣ್ಣನ್ನೇ ನೋಡುತ್ತಿದ್ದರು. ಅಳು ಬರಲಿಲ್ಲ. ಬಂದದ್ದು ಸಿಟ್ಟು. ಸತ್ತ ದಿನವೂ ಈ ಮನುಷ್ಯನ ಸಾಮಾನನ್ನು ತಾನೇ ಎತ್ತಿಡಬೇಕಲ್ಲ!

*

ಶಾಲೆಯಲ್ಲಿ ಕುತುಬುದ್ದೀನರಿಗೆ ಸಿಗುತ್ತಿದ್ದದ್ದೇ ಕೆಲವು ಪೀರಿಯಡ್ಡು. ಪರೀಕ್ಷೆ ಹತ್ತಿರ ಬಂದರೆ ಅದೂ ಲೆಕ್ಕದ ಮೇಷ್ಟ್ರ ಪಾಲು. "ಹೂಜಿ ಬರೆಯೋದನ್ನ ಆಮೇಲೆ ಕಲಿತಾರೆ ಬಿಡಿ ಸಾಬ್ರೆ" ಎಂದು ಹೆಡ್‌ಮಾಸ್ಟರು ನಗುತ್ತಿದ್ದರಂತೆ. ಅಲ್ಲಿ ನುಂಗಿದ್ದನ್ನೆಲ್ಲ ಹೊತ್ತುಕೊಂಡು ಮನೆಗೆ ಬಂದು, ಟೋಪಿಯನ್ನೂ ತೆಗೆಯದೆ ಕತ್ತರಿ ಹಿಡಿದು ಕೂರುತ್ತಿದ್ದರು. ಹಳೇ ಪಂಚೆ ಹರಿದು, ಹುಣಸೆಬೀಜದ ಅಂಟಿನಲ್ಲಿ ಅದ್ದಿ, ರಟ್ಟಿಗೆ ಮೆತ್ತುವರು. ಒಣಗಿದ ಮೇಲೆ ಬೇಗಡೆ, ಕನ್ನಡಿ ಚೂರು, ಮಣಿಸರ. ತಾವರೆಕೆರೆಯಿಂದ ಹಿಡಿದು ಆಚೆ ಹೊಸಕೋಟೆಯವರೆಗೆ ಹಳ್ಳಿಯ ಜನ ನಾಟಕ ಕಟ್ಟಿದರೆ ವೇಷದ ಸಾಮಾನಿಗೆ ಈ ಮನೆಗೇ ಗಾಡಿ ಕಟ್ಟುತ್ತಿದ್ದರು.

ಕಿರೀಟ, ಗದೆ, ಭುಜಕೀರ್ತಿ ಅವರ ಕೈಯವು. ಅಂಗಿ, ನಡುಪಟ್ಟಿ, ದ್ರೌಪದಿಯ ಕುಪ್ಪಸ ಅಫ್ಜಲುನ್ನೀಸಾಳ ಸೂಜಿಯವು. ಜರಿ ಕೂದಲೆಳೆಯಷ್ಟು ಓರೆಯಾದರೂ ಮೇಷ್ಟ್ರು ಇಡೀ ಅಂಚು ಬಿಚ್ಚಿಸುತ್ತಿದ್ದರು. "ಪೆಟ್ರೋಮ್ಯಾಕ್ಸ್ ಬೆಳಕಿಗೆ ಎಲ್ಲಾ ಕಾಣುತ್ತೆ" ಅನ್ನುವರು. ಏನು ಕಾಣುತ್ತೋ ಅವಳಿಗೇನು ಗೊತ್ತು? ತಾನು ಹೊಲಿದ ಒಂದು ಅಂಗಿಯನ್ನಾದರೂ ಒಬ್ಬ ಮನುಷ್ಯನ ಮೈಮೇಲೆ ಅವಳು ಕಂಡವಳಲ್ಲ.

ಒಂದು ವರ್ಷ, ನಾಟಕಕ್ಕೆ ತಾನೂ ಬರುತ್ತೇನೆಂದು ಹಟ ಹಿಡಿದಳು. ಮೇಷ್ಟ್ರು ಒಪ್ಪಿದರು. ರೊಟ್ಟಿ ಕಟ್ಟಿಕೊಂಡು, ಬುರ್ಖಾ ಹಾಕಿಕೊಂಡು, ಗಾಡಿಯ ಪಕ್ಕ ನಿಂತಳು. ಮೇಷ್ಟ್ರು ಬುಟ್ಟಿಗಳನ್ನು ಜೋಡಿಸಿದರು, ತೆಗೆದರು, ಮತ್ತೆ ಜೋಡಿಸಿದರು. ಕೊನೆಗೆ ಅವಳ ಮುಖ ನೋಡದೆ, "ಜಾಗ ಸಾಲದು. ನೀನು ಕೂತರೆ ಭುಜಕೀರ್ತಿ ನಜ್ಜುಗುಜ್ಜಾಗುತ್ತೆ. ಮುಂದಿನ ವರ್ಷ ನೋಡೋಣ," ಅಂದರು.

ಅವಳು ಕೂರಬೇಕಾದ ಕಡೆ ಕೌರವನ ಕಿರೀಟ ಕೂತು ಹೋಯಿತು. ರೊಟ್ಟಿಯ ಗಂಟನ್ನೂ ಮೇಷ್ಟ್ರು ಮರೆಯದೆ ಇಸಿದುಕೊಂಡಿದ್ದರು. ಮುಂದಿನ ವರ್ಷ ಅವಳು ಕೇಳಲಿಲ್ಲ. ಅವರೂ ಕರೆಯಲಿಲ್ಲ.

*

ಸ್ನಾನ ಮುಗಿದು ಬಿಳಿ ಕಫನ್ ಉಡಿಸುವ ಹೊತ್ತಿಗೆ ಬೀದಿಯಲ್ಲಿ ಎತ್ತಿನ ಗಾಡಿ ನಿಂತ ಸದ್ದಾಯಿತು.

"ಮೇಷ್ಟ್ರೇ, ಸಾಮಾನು ಕಟ್ಟಿದ್ರಾ? ಸಂಜೀಕೇ ನಾಟ್ಕ, ಜನ ಆಗ್ಲೇ ಚಾಪೆ ಹಾಸ್ಕಂಡವ್ರೆ!"

ತಾವರೆಕೆರೆಯ ನಾಟಕದ ಯಜಮಾನ ವೃಷಭೇಂದ್ರಪ್ಪನ ದನಿ. ಬಾಗಿಲಲ್ಲಿ ಟೋಪಿ ಹಾಕಿ ನಿಂತ ಜನರನ್ನು ಕಂಡು ಅವನ ಮಾತು ಅಲ್ಲಿಗೇ ಕಡಿಯಿತು. ಹಿಂದೆ ಇದ್ದ ಕೌರವನ ಪಾತ್ರದ ಸಣ್ಣರಂಗಯ್ಯ ಸದ್ದಿಲ್ಲದೆ ಚಪ್ಪಲಿ ಕಳಚಿದ.

ಮೇಷ್ಟ್ರ ಅಣ್ಣ ಅಹಮದ್ ಷರೀಫ್ ಬೀದಿಗಿಳಿದ. ಅತ್ತು ಅತ್ತು ಅವನ ಗಂಟಲು ಒಡೆದುಹೋಗಿತ್ತು.

"ಸಾಮಾನು ಬೇಕೇನ್ರೋ ನಿಮಗೆ? ಅದೇ ನನ್ನ ತಮ್ಮನ್ನ ತಿಂದಿದ್ದು. ಆ ವಾರ್ನಿಷ್ ಗಬ್ಬು ಕುಡಿದೂ ಕುಡಿದೂ ಎದೆ ಸುಟ್ಕೊಂಡ. ನೀವು ಕುಣಿಯೋಕೆ ಅವನು ಸಾಯಬೇಕಾಗಿತ್ತಾ? ಏನೂ ಕೊಡಲ್ಲ. ಮಣ್ಣು ಮಾಡಿ ಬಂದಮೇಲೆ ಎಲ್ಲಾ ಬೆಂಕಿಗೆ ಹಾಕ್ತೀನಿ."

"ಬುಡಿ ಸಾಬ್ರೆ, ಅಂಗನ್ಬೇಡಿ," ವೃಷಭೇಂದ್ರಪ್ಪನ ಕಣ್ಣು ತುಂಬಿತ್ತು. "ನಮಗೆ ಗೊತ್ತೇ ಇರ್ಲಿಲ್ಲ. ನಾಟ್ಕ ನಿಲ್ಲಿಸ್ಬುಡ್ತೀವಿ. ಮೇಷ್ಟ್ರೇ ಇಲ್ದಮ್ಯಾಕೆ ಇನ್ಯಾತರ ನಾಟ್ಕ?"

"ನಿಲ್ಲಿಸಬೇಡಿ!"

ಬಾಗಿಲ ಪರದೆಯ ಹಿಂದಿನಿಂದ ಬಂದ ದನಿಗೆ ಗಂಡಸರೆಲ್ಲ ತಿರುಗಿದರು. ರಹಮತ್ ಬಿ ಒಳಗಿನಿಂದ ಅಫ್ಜಲುನ್ನೀಸಾಳ ಸೆರಗು ಹಿಡಿದು ಜಗ್ಗಿದಳು. ಅವಳು ಬಿಡಿಸಿಕೊಂಡಳು.

"ದುಲ್ಹನ್, ಒಳಗೆ ಹೋಗು. ಪರಗಂಡಸರ ಹತ್ತಿರ ಇವತ್ತು ಮಾತಾಡಬಾರದು," ಅಹಮದ್ ಷರೀಫ್ ತಮ್ಮನ ಹೆಂಡತಿಗೆ ದನಿ ತಗ್ಗಿಸಿ ಹೇಳಿದ.

"ಮಾತಾಡ್ತೀನಿ ಭಾಯಿಸಾಬ್. ಬೆಂಕಿಗೆ ಹಾಕೋಕೆ ಅವೆಲ್ಲ ನಿಮ್ಮ ತಮ್ಮಂದೇ ಅಲ್ಲ. ಬಟ್ಟೆಯೆಲ್ಲ ಹೊಲಿದಿದ್ದು ನಾನು."

ವೃಷಭೇಂದ್ರಪ್ಪ ತಬ್ಬಿಬ್ಬಾಗಿ ಸಣ್ಣರಂಗಯ್ಯನ ಕಡೆ ನೋಡಿದ.

"ನೀವಾ ತಾಯಿ? ಪ್ಯಾಟೇಲಿ ಒಬ್ಬ ದರ್ಜಿ ಅವ್ನೆ, ಅವನ ಕೈಲಿ ಹೊಲಿಸ್ತೀನಿ ಅಂತಿದ್ರಲ್ಲ ಮೇಷ್ಟ್ರು? ಒಳ್ಳೇ ಕೈ, ಆದ್ರೆ ಮುಂಗೋಪಿ ಅಂತಿದ್ರು."

ಪರದೆಯ ಹಿಂದೆ ಅಫ್ಜಲುನ್ನೀಸಾ ತನ್ನ ಕೈ ನೋಡಿಕೊಂಡಳು. ದರ್ಜಿ! ಇಷ್ಟು ವರ್ಷ ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳು ಯಾವನೋ ಇಲ್ಲದ ದರ್ಜಿಯವಾಗಿದ್ದವು. ಒಳಕೋಣೆಗೆ ಹೋಗಿ, ಬಿಳಿ ಬಟ್ಟೆಯಲ್ಲಿ ಮಲಗಿದ ಆ ಮನುಷ್ಯನನ್ನು ಭುಜ ಹಿಡಿದು ಅಲುಗಿಸಿ ಕೇಳಬೇಕೆನಿಸಿತು. ಯಾಕೆ? ಹೆಂಡತಿ ಅನ್ನೋದಕ್ಕೆ ನಾಲಿಗೆ ಏಳಲಿಲ್ಲವಾ? ನಾಚಿಕೆಯಾಗಿತ್ತಾ? ಇಲ್ಲಾ ನನ್ನ ಹೆಸರನ್ನ ಬೀದಿಗೆ ತರಬಾರದು ಅಂತಲಾ? ಹೇಳುವವರ ಬಾಯಿಗೆ ಆಗಲೇ ಬಟ್ಟೆ ಕಟ್ಟಿಯಾಗಿತ್ತು.

"ಹಿಂದಿನ ಗಲ್ಲಿಗೆ ಗಾಡಿ ತನ್ನಿ," ಎಂದಳು. "ನೀಲಿ ಅಂಗಿ ಭೀಮಂದು. ಕೆಂಪಿಗೆ ಜರಿ ಇರೋದು ಕೌರವಂದು. ಕಿರೀಟ ಇನ್ನೂ ಒಣಗಿಲ್ಲ, ಬುಟ್ಟಿಗೆ ತುರುಕಬೇಡಿ. ಒಯ್ದುಬಿಡಿ. ನನ್ನ ಕಣ್ಣೆದುರಿಗೆ ಇರಬಾರದು."

ಅಹಮದ್ ಷರೀಫ್ ಕರವಸ್ತ್ರದಿಂದ ಮುಖ ಮುಚ್ಚಿಕೊಂಡು ಜಗುಲಿಯ ಮೇಲೆ ಕೂತುಬಿಟ್ಟ.

*

ಮಧ್ಯಾಹ್ನದ ನಮಾಜಿನ ವೇಳೆಗೆ ಜನಾಜಾ ಎತ್ತಿದರು. ಹೆಂಗಸರು ಹೊಸ್ತಿಲಲ್ಲೇ ನಿಂತರು. ಕಲ್ಮಾದ ದನಿ ಬೀದಿಯ ತಿರುವಿನಲ್ಲಿ ಸಣ್ಣಗಾಯಿತು. ವೃಷಭೇಂದ್ರಪ್ಪನೂ ಹೆಗಲಿನ ಟವಲ್ಲನ್ನು ತಲೆಗೆ ಸುತ್ತಿಕೊಂಡು ಬರಿಗಾಲಲ್ಲಿ ಅವರ ಹಿಂದೆ ಹೋದ. ಮಣ್ಣು ಮಾಡಿದ ಮೇಲೆ ಊರಾಚೆಯ ರಸ್ತೆಯಲ್ಲಿ ಗಾಡಿ ಹಿಡಿಯುವುದೆಂದು ಮಾತಾಗಿತ್ತು.

"ಇನ್ನಾದರೂ ಅತ್ತುಬಿಡಮ್ಮ," ರಹಮತ್ ಬಿ ಅವಳ ಬೆನ್ನು ಸವರಿದಳು.

ಅಫ್ಜಲುನ್ನೀಸಾ ಎದ್ದು ಒಬ್ಬಳೇ ಹಿತ್ತಲ ಕಿಟಕಿಯ ಬಳಿ ಹೋದಳು. ಗಲ್ಲಿಯಲ್ಲಿ ಸಣ್ಣರಂಗಯ್ಯ ಬುಟ್ಟಿಗಳನ್ನೆಲ್ಲ ಹಗ್ಗದಿಂದ ಬಿಗಿದು ಮುಗಿಸಿದ್ದ. ಹಸಿ ಕಿರೀಟವೊಂದೇ ಉಳಿದಿತ್ತು. ಬುಟ್ಟಿಯ ಮೇಲಿಟ್ಟು ನೋಡಿದ, ಜಾರಿತು. ಮಡಿಲಲ್ಲಿಟ್ಟುಕೊಂಡ. ಆದರೆ ಎತ್ತು ಹೊಡೆಯಲು ಎರಡು ಕೈಯೂ ಬೇಕು. ಅತ್ತಿತ್ತ ನೋಡಿ, ಬೇರೆ ದಾರಿ ಕಾಣದೆ, ಅದನ್ನು ತಲೆಗೇ ಇಟ್ಟುಕೊಂಡ.

ಹಿಂದುಮುಂದಾಗಿ ಇಟ್ಟುಕೊಂಡಿದ್ದ.

"ತಿರುಗಿಸಿಕೋ," ಎಂದಳು. ದನಿ ಕಿಟಕಿಯ ಸರಳನ್ನೂ ದಾಟಲಿಲ್ಲ. ಗಾಡಿ ಹೊರಟಿತು. ಬೇಗಡೆಯ ಮುಖ, ಕನ್ನಡಿ ಚೂರು, ಮಣಿಸರ ಎಲ್ಲವೂ ಬಿಸಿಲಿಗೆ ಝಗ್ಗನೆ ಹೊಳೆಯುತ್ತಾ ಅವಳ ಕಡೆಗೇ ತಿರುಗಿದ್ದವು. ಅದರ ಕೆಳಗೆ ಮುಖವಿರಲಿಲ್ಲ, ಬೆವರಿದ ಕತ್ತಿನ ಹಿಂಭಾಗ ಮಾತ್ರ ಇತ್ತು. ಚಕ್ರ ಕಲ್ಲಿನ ಮೇಲೆ ಹತ್ತಿಳಿದಾಗಲೆಲ್ಲ ಕಿರೀಟ ಅವಳತ್ತ ತಲೆದೂಗುತ್ತಾ, ಗಲ್ಲಿಯುದ್ದಕ್ಕೂ ಅವಳನ್ನೇ ನೋಡುತ್ತಾ, ದೂರ ದೂರ ಸರಿಯುತ್ತಿತ್ತು.