ಒಂದು ಹಲ್ಲಿನ ಅಂತರ

ಮೇಸ್ತ್ರಿ ಗ್ಯಾರೇಜಿನ ಶಟರ್ ಎತ್ತಿ ಚಹಾ ಲೋಟ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಶಾಲೆಯ ವ್ಯಾನು ಬಂದು ಬಾಗಿಲಿಗೆ ನಿಂತಿತು. ನಿಂತಿತು ಎನ್ನುವುದಕ್ಕಿಂತ ನಡುಗುತ್ತಿತ್ತು ಎನ್ನಬೇಕು. ಕಿಟಕಿಯ ಗಾಜುಗಳೆಲ್ಲ ಗಡಗಡ ಅನ್ನುತ್ತಿದ್ದವು. ವ್ಯಾನು ಓಡಿಸುವವಳು ಮೇಸ್ತ್ರಿಯ ಒಡಹುಟ್ಟಿದ ತಂಗಿ. ಹಿಂದಿನ ವಾರ ಅದಕ್ಕೆ ಹೊಸ ಟೈಮಿಂಗ್ ಬೆಲ್ಟ್ ಹಾಕಿ ಕಳಿಸಿದವನು ಮೇಸ್ತ್ರಿಯೇ. ಅದಕ್ಕೆ ಮುಂಚೆ ವ್ಯಾನಿಗೆ ಯಾವ ರೋಗವೂ ಇರಲಿಲ್ಲ.

ತಂಗಿ ಎಂಜಿನ್ ಆರಿಸಿ ಇಳಿದಳು. ಮುಖದಲ್ಲಿ ಕೋಪಕ್ಕಿಂತ ಸಂಕಟ ಹೆಚ್ಚಿತ್ತು.

“ಅಣ್ಣ, ನನಗೆ ಗಾಡಿ ಓಡಿಸೋಕೆ ಬರಲ್ಲ ಅಂತ ಸ್ಕೂಲ್ ಮ್ಯಾನೇಜರ್ ಹತ್ರ ಹೇಳಿದ್ಯಾ?”

ಮೇಸ್ತ್ರಿ ಚಹಾ ಹೀರಿದ. “ಅವರೇ ಫೋನ್ ಮಾಡಿ ಕೇಳಿದ್ರು. ಎಂಜಿನ್ ಸರಿಯಾಗಿದೆ, ಬಹುಶಃ ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತಾಳೆ ಅಂದೆ. ಸುಮ್ನೆ ಮಾತಿಗೆ ಅಂದೆ ಕಣೆ.”

“ನೀನು ಮಾತಿಗೆ ಅಂದಿದ್ದು ಅವರಿಗೆ ವೇದವಾಕ್ಯ ಆಯ್ತು. ಮಕ್ಕಳನ್ನ ಕೂರಿಸ್ಕೊಂಡು ಹೋಗುವಾಗ ಏರಿನಲ್ಲಿ ಎರಡು ಸಲ ನಿಂತುಬಿಡ್ತು. ಹೆಂಗಸಿನ ಕೈಲಿ ವ್ಯಾನು ಯಾಕೆ ಕೊಟ್ರಿ ಅಂತ ಕೆಲವು ಪೋಷಕರು ಮೊದಲೇ ಗೊಣಗ್ತಿದ್ರು. ಒಡಹುಟ್ಟಿದ ಅಣ್ಣನೇ ಹೇಳಿದ ಮೇಲೆ ಇನ್ನೇನಿದೆ? ಸೋಮವಾರದಿಂದ ಬೇರೆ ಡ್ರೈವರ್ ಬರ್ತಾನಂತೆ.”

ಆ ಕೆಲಸ ಅವಳಿಗೆ ಸುಮ್ಮನೆ ಸಿಕ್ಕಿದ್ದಲ್ಲ. ವರ್ಷಗಟ್ಟಲೆ ರಜೆ ಹಾಕಿದವರ ಬದಲಿಗೆ ಓಡಿಸಿ, ಎಲ್ಲರ ಕೊಂಕು ಕೇಳಿಸಿಕೊಂಡು ಪಡೆದದ್ದು. ಇದು ಮೇಸ್ತ್ರಿಗೆ ಗೊತ್ತಿತ್ತು, ಕಸಿವಿಸಿಯೂ ಆಯಿತು. ಆದರೆ ಕಸಿವಿಸಿಯಾದಾಗ ಗಾದೆ ಹೇಳುವುದು ಅವನ ಚಾಳಿ.

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ.”

ಒಳಗೆ ಬಿಡಿಭಾಗಗಳನ್ನು ಜೋಡಿಸುತ್ತಿದ್ದ ಅವನ ಹೆಂಡತಿ ತಲೆಯೆತ್ತದೆ, “ನೆಲ ಮಾಡಿದವರು ಯಾರು ಅಂತಾನೂ ಕೇಳ್ಬೇಕಲ್ಲ,” ಎಂದಳು.

ಮೇಸ್ತ್ರಿ ಕೇಳಿಸದವನಂತೆ ಬಾನೆಟ್ ಎತ್ತಿದ. ಪ್ಲಗ್‌ಗಳನ್ನು ಬಿಚ್ಚಿ ನೋಡಿದ. ಗಾಳಿಯ ಪೈಪು ಎಲ್ಲಾದರೂ ಕಳಚಿದೆಯೇ, ಸೆನ್ಸರಿನ ವೈರು ಸಡಿಲವಾಗಿದೆಯೇ ಎಂದು ತಡಕಿದ. ಎಲ್ಲ ನೆಟ್ಟಗಿತ್ತು. ಮೂಗಿನ ಮೇಲಿರುವ ಕನ್ನಡಕವನ್ನು ಮನೆಯೆಲ್ಲ ಹುಡುಕುವವರ ಹಾಗೆ, ಬೆಲ್ಟಿನ ಕವರ್ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡಿದ.

“ಕವರ್ ತೆಗೆದು ನೋಡು ಅಣ್ಣ. ಬೆಲ್ಟ್ ಹಾಕಿದ ದಿನದಿಂದಾನೇ ಹೀಗಾಗಿದ್ದು.”

“ನಾನು ಕೂರಿಸಿದ್ದನ್ನ ನಾನೇ ಬಿಚ್ಚಿ ನೋಡೋದಾ?”

ಮರಳಿ ನೋಡದಿರುವುದೇ ಆ ಗ್ಯಾರೇಜಿನ ಪದ್ಧತಿ. ನಿಯಮದ ಪ್ರಕಾರ ಹೊಸ ಬೆಲ್ಟ್ ಕೂರಿಸಿದ ಮೇಲೆ ಎಂಜಿನ್ನನ್ನು ಸ್ಪ್ಯಾನರಿನಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಬೆಲ್ಟ್ ಸುತ್ತುವ ಮೇಲಿನ ಮತ್ತು ಕೆಳಗಿನ ಹಲ್ಲುಗಾಲಿಗಳ ಗುರುತುಗಳು ತಮ್ಮ ಜಾಗಕ್ಕೆ ಬಂದವೇ ಎಂದು ನೋಡಬೇಕು. ಆದರೆ ಮೇಸ್ತ್ರಿಗೆ ಕೆಲಸ ಕಲಿಸಿದವರು, ಅದೆಲ್ಲ ಕಲಿಯುವವರಿಗೆ, ಕೈ ಪಳಗಿದವನು ಎರಡನೇ ಸಲ ನೋಡುವುದು ತನ್ನ ಕೈಗೇ ಮಾಡುವ ಅವಮಾನ ಎನ್ನುತ್ತಿದ್ದರು. ಅವನೂ ಹಾಗೇ ನಡೆದುಕೊಂಡು ಬಂದಿದ್ದ. ಇಷ್ಟು ವರ್ಷ ಅದು ಕೈಕೊಟ್ಟಿರಲಿಲ್ಲ.

“ಹತ್ತು, ನಾನೇ ಓಡಿಸಿ ತೋರಿಸ್ತೀನಿ,” ಎಂದ.

ಮಾರುಕಟ್ಟೆ ದಾಟಿ ಏರಿನ ಅರ್ಧಕ್ಕೆ ಬರುವಷ್ಟರಲ್ಲಿ ವ್ಯಾನು ಏದುಸಿರು ಬಿಟ್ಟಿತು. ಅವನು ಗೇರ್ ಇಳಿಸಿದ, ಕ್ಲಚ್ಚಿನಿಂದ ಕಾಲನ್ನು ಪೂರ್ತಿ ತೆಗೆದು ತಂಗಿಗೆ ಕಾಣುವ ಹಾಗೆ ಪಕ್ಕಕ್ಕಿಟ್ಟ. ವ್ಯಾನು ಎರಡು ಸಲ ಕುಲುಕಿ ನಿಂತೇಹೋಯಿತು. ಹಿಂದಿನಿಂದ ಹಾರನ್‌ಗಳು ಶುರುವಾದವು. ಸ್ಕೂಟರಿನವನೊಬ್ಬ ಪಕ್ಕಕ್ಕೆ ಬಂದು, “ಓಡಿಸೋಕೆ ಬರದಿದ್ರೆ ಯಾಕ್ರೀ ರೋಡಿಗೆ ತರ್ತೀರಾ?” ಎಂದು ಬೈದು ಹೋದ. ತಂಗಿಗೆ ಅದು ವಾರದಿಂದ ಕೇಳಿ ಕೇಳಿ ಅಭ್ಯಾಸವಾದ ಮಾತು. ಮೇಸ್ತ್ರಿಗೆ ಜನ್ಮದಲ್ಲಿ ಯಾರೂ ಹಾಗೆ ಅಂದಿರಲಿಲ್ಲ. ಬಾಯಿಗೆ ಒಂದು ಗಾದೆಯೂ ಬರಲಿಲ್ಲ.

ಹೇಗೋ ಮತ್ತೆ ಸ್ಟಾರ್ಟ್ ಮಾಡಿಕೊಂಡು ಗ್ಯಾರೇಜಿಗೆ ಮರಳಿದ ಮೇಲೆ ಹೆಂಡತಿ ನಾದಿನಿಯನ್ನು ಊಟಕ್ಕೆಂದು ಒಳಗೆ ಕರೆದುಕೊಂಡು ಹೋದಳು. ಮೇಸ್ತ್ರಿ ಒಬ್ಬನೇ ಕೂತು ಕವರ್ ಬಿಚ್ಚಿದ. ಕೆಳಗಿನ ಗಾಲಿಯ ಗುರುತನ್ನು ಸರಿಯಾದ ಜಾಗಕ್ಕೆ ತಂದ. ಮೇಲಿನದು ಒಂದು ಹಲ್ಲು ಹಿಂದಿತ್ತು. ಬೆಲ್ಟ್ ಬಿಗಿ ಮಾಡುವಾಗ ಜರುಗಿರಬೇಕು. ಅಷ್ಟು ಸಾಕು, ವಾಲ್ವ್‌ಗಳು ಹೊತ್ತು ತಪ್ಪಿ ತೆರೆಯುತ್ತವೆ, ಎಂಜಿನ್ ನಡುಗುತ್ತದೆ, ಏರಿನಲ್ಲಿ ಸೋಲುತ್ತದೆ.

ಅವನು ಸ್ಪ್ಯಾನರ್ ಎತ್ತಿಕೊಂಡ. ಅವರ ಊಟ ಮುಗಿಯುವುದರೊಳಗೆ ಸರಿಮಾಡಿ ಮುಚ್ಚಿಬಿಡಬಹುದಿತ್ತು. ಸೆನ್ಸರ್ ಕೆಟ್ಟಿತ್ತು ಎಂದು ಮನೆಯವರಿಗೆ ಹೇಳಿದರೆ ಸಾಕಿತ್ತು, ಮ್ಯಾನೇಜರಿಗೆ ಏನೂ ತಿಳಿಯುತ್ತಿರಲಿಲ್ಲ. ಶಾಲೆಯ ಉಳಿದ ವ್ಯಾನುಗಳೂ ರಿಪೇರಿಗೆ ಬರುವುದು ಇಲ್ಲಿಗೇ. ಗ್ಯಾರೇಜು ನಡೆಯುವುದೇ ಅವುಗಳಿಂದ. ಸ್ವಲ್ಪ ಹೊತ್ತು ಸ್ಪ್ಯಾನರ್ ಹಿಡಿದುಕೊಂಡೇ ಕೂತಿದ್ದ. ಆಮೇಲೆ ಅದನ್ನು ಕೆಳಗಿಟ್ಟು ಮ್ಯಾನೇಜರಿಗೆ ಫೋನ್ ಮಾಡಿದ.

ಮ್ಯಾನೇಜರ್ ಬಂದಾಗ ತಂಗಿಯೂ ಅತ್ತಿಗೆಯೂ ಬಾಗಿಲಲ್ಲಿ ನಿಂತಿದ್ದರು.

“ಮೇಲಿನ ಗುರುತು ನೋಡಿ ಸಾರ್, ಅದು ಈ ಗೀಟಿನ ಎದುರಿಗೆ ಇರಬೇಕಿತ್ತು,” ಎಂದು ಮೇಸ್ತ್ರಿ ಬೆರಳಿಟ್ಟು ತೋರಿಸಿದ. “ಹಾಕಿದ ಮೇಲೆ ನಾನು ತಿರುಗಿಸಿ ನೋಡಲಿಲ್ಲ. ನೋಡದೇನೇ ತಪ್ಪನ್ನ ಇವಳ ತಲೆಗೆ ಕಟ್ಟಿದೆ.”

ಮ್ಯಾನೇಜರ್ ಬಗ್ಗಿ ನೋಡಿದ. “ಮೇಸ್ತ್ರಿ, ನಾನು ಮಕ್ಕಳ ಜವಾಬ್ದಾರಿ ಹೊತ್ತಿರೋನು. ಗಾಡಿ ಸರಿಯಿದೆ ಅಂದ್ರಿ, ನಂಬಿದೆ. ಇನ್ನು ಯಾವ ಧೈರ್ಯದ ಮೇಲೆ ಬೇರೆ ವ್ಯಾನುಗಳನ್ನ ಇಲ್ಲಿಗೆ ಕಳಿಸ್ಲಿ?”

“ಅದು ನಿಮಗೆ ಬಿಟ್ಟಿದ್ದು. ಇವಳ ವಿಷಯ ಮಾತ್ರ ನನ್ನ ಮಾತು ಕೇಳಿ ತೀರ್ಮಾನ ಮಾಡಿದ್ರಿ. ಆ ಮಾತು ಸುಳ್ಳು.”

ಮ್ಯಾನೇಜರ್ ಎದುರಿಗೇ ಮೇಸ್ತ್ರಿ ಬೆಲ್ಟನ್ನು ಸರಿಯಾಗಿ ಕೂರಿಸಿ, ಎರಡು ಸುತ್ತು ತಿರುಗಿಸಿ, ಗುರುತು ಕೂಡಿದ್ದನ್ನು ತೋರಿಸಿದ. ನಂತರ ತಂಗಿ ಓಡಿಸಿದಳು. ಮ್ಯಾನೇಜರ್ ಅವಳ ಪಕ್ಕದಲ್ಲಿ, ಮೇಸ್ತ್ರಿ ಹಿಂದೆ ಮಕ್ಕಳ ಸೀಟಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತ. ವ್ಯಾನು ಏರು ಹತ್ತಿ ಶಾಲೆಯ ಗೇಟಿಗೆ ಬಂತು.

“ಸೋಮವಾರ ಮಾಮೂಲಿ ಹೊತ್ತಿಗೇ ಬಂದ್ಬಿಡಮ್ಮ,” ಎಂದು ಹೇಳಿ ಮ್ಯಾನೇಜರ್ ಇಳಿದುಹೋದ. ಉಳಿದ ವ್ಯಾನುಗಳ ಮಾತೆತ್ತಲಿಲ್ಲ.

ಹಿಂತಿರುಗುವಾಗ ತಂಗಿ ಕೇಳಿದಳು. “ನಾವು ಊಟಕ್ಕೆ ಕೂತಿದ್ದಾಗಲೇ ಸರಿಮಾಡಿ ಮುಚ್ಚಿಬಿಡಬಹುದಿತ್ತಲ್ಲ ಅಣ್ಣ. ಗಿರಾಕಿನಾದ್ರೂ ಉಳೀತಿತ್ತು.”

“ಮುಚ್ಚಬಹುದಿತ್ತು. ಸೋಮವಾರ ಹೊಸ ಡ್ರೈವರ್ ಹತ್ತಿ ಕೂತು ಏರಿನಲ್ಲಿ ಸಲೀಸಾಗಿ ಹೋಗ್ತಿದ್ದ. ನೋಡಿ, ಅವಳನ್ನ ಇಳಿಸಿದ್ದೇ ಇಳಿಸಿದ್ದು, ಗಾಡಿ ಸರಿಹೋಯ್ತು ಅಂತಿದ್ರು ಎಲ್ಲರೂ.”