ಹಾಲಿನ ಪಟ್ಟಿ

"ಫೈಲು ನಿಮ್ದೇ, ನೋಡೋ ಹಕ್ಕೂ ನಿಮ್ದೇ. ಆದ್ರೆ ನನ್ನೆದುರಿಗೇ ನೋಡ್ಬೇಕು," ಎಂದು ಅನಾಥಾಲಯದ ಗುಮಾಸ್ತ ದಾರ ಕಟ್ಟಿದ ಫೈಲನ್ನು ಮೇಜಿನ ಮೇಲಿಟ್ಟ.

ದಿನವಿಡೀ ಬಟ್ಟೆ ಕತ್ತರಿಸುವ ಟೈಲರಮ್ಮ ಆ ಗಂಟಿಗೆ ಕೈ ಹಾಕಿ ಹಿಂತೆಗೆದಳು. ಮೂರು ವರ್ಷ ಅರ್ಜಿ ಹಿಡಿದು ಚಪ್ಪಲಿ ಸವೆಸಿದ್ದು ಒಂದೇ ಒಂದು ವಿಷಯ ತಿಳಿಯಲು: ಹೆತ್ತವಳು ತನ್ನನ್ನು ಬೇಡದ ಕೂಸೆಂದು ಬಿಸಾಕಿ ಹೋದಳೇ?

"ಕೊಡಿಲ್ಲಿ. ಅದೇನು ಕಚ್ಚುತ್ತಾ?" ಎಂದು ಸಾಕಿದ ಅಮ್ಮ ದಾರ ಬಿಚ್ಚಿದಳು. ಮನೆಯಲ್ಲಿರು ಎಂದರೂ ಕೇಳದೆ ಮಂಡಿನೋವು ಕಟ್ಟಿಕೊಂಡು ಬಂದ ಹೆಂಗಸು ಅವಳು.

ಮೊದಲ ಹಾಳೆಯಲ್ಲಿ ತಾಯಿಯ ಹೆಸರಿನ ಮುಂದೆ 'ಹೇಳಲಿಲ್ಲ' ಎಂದಿತ್ತು. ಊರಿನ ಮುಂದೆ ಬರೀ ಗೀಟು. ಟೈಲರಮ್ಮ ತಲೆಯೆತ್ತಿದಳು.

"ಇಷ್ಟೇನಾ ಸಾರ್?"

ಗುಮಾಸ್ತನ ಮುಖ ಗಂಟು ಹಾಕಿದ ಹಾಗಿದ್ದರೂ ಮನಸ್ಸು ಹಾಗಿರಲಿಲ್ಲ. "ಹಿಂದಿನ ಹಾಳೆ ನೋಡಮ್ಮ. ಆಗಿನ ಆಯಾ ಬಲು ಶಿಸ್ತು. ಯಾವ ಮಗು ಎಷ್ಟೊತ್ತಿಗೆ ಹಾಲು ಕುಡೀತು, ಯಾರು ಕುಡಿಸಿದ್ರು, ಎಲ್ಲಾ ಬರೆದಿಡೋರು."

ಬೆಳಗ್ಗೆ ಆರು, ತಾಯಿ. ಒಂಬತ್ತು, ತಾಯಿ. ಹನ್ನೆರಡು, ತಾಯಿ. ಹಾಳೆ ತಿರುವಿದರೂ ಅದೇ. ಟೈಲರಮ್ಮ ಬೆರಳಿಟ್ಟು ಎಣಿಸಿದಳು. ಹತ್ತೊಂಬತ್ತು ದಿನ ಹೆತ್ತವಳು ಇಲ್ಲೇ ಉಳಿದು ಒಂದು ಹೊತ್ತೂ ತಪ್ಪಿಸಿರಲಿಲ್ಲ. ಇಪ್ಪತ್ತನೆಯ ದಿನ 'ತಾಯಿ ಹೋದಳು' ಎಂಬ ಎರಡು ಪದ. ಅದರ ಕೆಳಗೆ: ಬಾಟಲಿ, ಕುಡಿಯಲಿಲ್ಲ. ಬಾಟಲಿ, ಕುಡಿಯಲಿಲ್ಲ.

ಮೂವತ್ತಾರು ವರ್ಷ ಎದೆಯ ಮೇಲೆ ಕುಳಿತಿದ್ದ ಕಲ್ಲು ಇಳಿದಂತಾಗಿ ಅವಳು ಬಿಕ್ಕಿದಳು. ಎಂಥ ಕಷ್ಟವಿತ್ತೋ, ಬಿಟ್ಟು ಹೋಗಿದ್ದು ನಿಜ, ಬಿಸಾಕಿರಲಿಲ್ಲ.

ಅಮ್ಮ ಕನ್ನಡಕ ಏರಿಸಿ ಕೊನೆಯ ಸಾಲಿಗೆ ಬಾಗಿದಳು. ಚಮಚದಲ್ಲಿ, ಎರಡು ಔನ್ಸು ಎಂದಿತ್ತು. ಪಕ್ಕದಲ್ಲಿ ಸೊಟ್ಟ ಸಹಿ.

"ಅಯ್ಯೋ, ಇದು ನನ್ ಸಹಿ ಕಣೇ! ನಿನ್ನ ನೋಡೋಕೆ ಬಂದ ದಿನ. ಬಾಟಲಿ ಕಂಡ್ರೆ ಮುಖ ತಿರುಗಿಸ್ತಿದ್ದೆ. ಎಂಥ ಹಟಮಾರಿ ಕೂಸಪ್ಪಾ ಅಂದ್ಕೊಂಡು ಚಮಚ ಹಿಡಿದೆ." ಅವಳ ದನಿ ತಗ್ಗಿತು. "ಹಟ ಅಲ್ಲ. ನೀನು ಅವಳನ್ನ ಹುಡುಕ್ತಿದ್ದೆ."

ಮಗಳು ಅಮ್ಮನ ಕೈಯನ್ನು ಕೆನ್ನೆಗೊತ್ತಿಕೊಂಡಳು.

"ಜೆರಾಕ್ಸ್ ಕೊಡ್ಲಾ ಅಮ್ಮ? ಒಂದು ಸಾಕಲ್ವಾ?" ಎಂದ ಗುಮಾಸ್ತ.

"ಎರಡು ಮಾಡಪ್ಪ," ಎಂದಳು ಅಮ್ಮ, ಸೆರಗಿನಿಂದ ಕನ್ನಡಕ ಒರೆಸುತ್ತ. "ಆ ಪುಣ್ಯಾತ್ಗಿತ್ತಿಯದು ನಂಗೂ ಒಂದು ಇರ್ಲಿ."