ನೆಲ ಮುಟ್ಟದ ಟೈರುಗಳು

ವಕೀಲರು ಹಳೇ ಕಾರಿನ ನಾಲ್ಕು ಚಕ್ರಗಳನ್ನು ಗೋಣಿಚೀಲದಲ್ಲಿ ಅಂಗಡಿಗೆ ತಂದರು, ನಾಲ್ಕು ಟೈರುಗಳನ್ನು ಹತ್ತಿಯ ಹೊದಿಕೆಯಲ್ಲಿ ಸುತ್ತಿ ತಂದರು. ವ್ಯಾನಿನಿಂದ ಇಳಿಸುವಾಗ ಚಕ್ರಗಳು ಒಂದರ ಮೇಲೊಂದು ದಡಬಡ ಬಿದ್ದರೂ ಅವರು ತಲೆಕೆಡಿಸಿಕೊಳ್ಳಲಿಲ್ಲ. ಟೈರುಗಳ ಸರದಿ ಬಂದಾಗ ಮಾತ್ರ ತಾವೇ ಮುಂದೆ ಬಂದು, ಒಂದೊಂದನ್ನೂ ಎದೆಗೊತ್ತಿಕೊಂಡು ಒಳಗೆ ತಂದು ಮೇಜಿನ ಮೇಲಿಟ್ಟರು.

"ನಮ್ಮ ತಂದೆ ಕಾರು ತಗೊಂಡಾಗಲೇ ಇನ್ನೊಂದು ಸೆಟ್ ಇರ್ಲಿ ಅಂತ ತರಿಸಿದ್ದು. ಐವತ್ತು ವರ್ಷ ಅವರ ಮಂಚದ ಕೆಳಗೇ ಇತ್ತು. ಒಂದು ಸಲನೂ ನೆಲ ಮುಟ್ಟಿಲ್ಲ. ಹೊಸದು ಅಂದ್ರೆ ಹೊಸದು."

"ಅಬ್ಬಾ, ಏನು ಜೋಪಾನ ಸಾರ್," ಎಂದ ಅಂಗಡಿಯ ಮುಂದಿನ ಮೇಜಿಗೆ ಕೂರುವ ತಮ್ಮ. ಗಿರಾಕಿಯ ಮಾತಿಗೆ ತಲೆದೂಗುವುದರಲ್ಲಿ ಅವನು ಪಳಗಿದ ಕೈ.

ನಡುಕೋಣೆಯ ಬಾಗಿಲಲ್ಲಿ ನಿಂತಿದ್ದ ಅವನ ಅಕ್ಕ ಟೈರುಗಳತ್ತ ನೋಡಲೇ ಇಲ್ಲ. ಅವಳ ಕಣ್ಣು ಚಕ್ರಗಳ ಮೇಲಿತ್ತು. ಒಂದೊಂದಕ್ಕೆ ಅರವತ್ತು ಸ್ಪೋಕ್ ಕಡ್ಡಿ. ಅರ್ಧಕ್ಕರ್ಧ ತುಕ್ಕು ತಿಂದು ಕೂತಿವೆ.

ಬೀದಿಯವರು ಅವಳನ್ನು ಕಡ್ಡಿಯಕ್ಕ ಎನ್ನುತ್ತಿದ್ದರು. ಚಕ್ರಕ್ಕೆ ಕಡ್ಡಿ ಕಟ್ಟುವುದು ಅವಳ ಕೆಲಸ, ಮೈಕಟ್ಟೂ ಹಾಗೇ, ಮಾತೂ ಕಡ್ಡಿ ಮುರಿದ ಹಾಗೆ. ಮೂರರಲ್ಲಿ ಯಾವುದಕ್ಕೆ ಆ ಹೆಸರು ಬಿತ್ತೋ ಯಾರಿಗೂ ನೆನಪಿಲ್ಲ. ಎರಡು ವರ್ಷದ ಹಿಂದೆ ಗಂಡ ತೀರಿಹೋದ ಮೇಲೆ ಒಂದು ಪೆಟ್ಟಿಗೆ ಬಟ್ಟೆ, ಎರಡು ಪೆಟ್ಟಿಗೆ ಪುಸ್ತಕ ಹಿಡಿದು ತವರಿಗೆ ಬಂದಿದ್ದಳು. ಅಷ್ಟರಲ್ಲಿ ಲಕ್ವ ಹೊಡೆದು ಅಪ್ಪನ ಬಲಗೈ ಬಿದ್ದುಹೋಗಿ ವರ್ಷವಾಗಿತ್ತು, ಕಡ್ಡಿ ಕಟ್ಟುವ ಸ್ಟ್ಯಾಂಡಿನ ಮೇಲೆ ಧೂಳು ಕೂತಿತ್ತು. ಚಿಕ್ಕಂದಿನಲ್ಲಿ ಅಪ್ಪನ ಪಕ್ಕ ನಿಂತು ಕಲಿತ ಕೆಲಸವನ್ನು ಅವಳು ಯಾರನ್ನೂ ಕೇಳದೆ ಕೈಗೆತ್ತಿಕೊಂಡಳು. "ಪಾಪ, ಅಕ್ಕನ ಮನಸ್ಸಿಗೂ ಏನಾದ್ರೂ ಬೇಕಲ್ಲ," ಎಂದು ತಮ್ಮ ಗಿರಾಕಿಗಳಿಗೆ ಹೇಳುವುದು ಬಾಗಿಲಿನಾಚೆಯಿಂದ ಅವಳಿಗೆ ಎಷ್ಟೋ ಸಲ ಕೇಳಿಸಿತ್ತು.

ಎರಡು ವಾರ ಅವಳು ಆ ಚಕ್ರಗಳ ಜೊತೆ ಇದ್ದಳು. ಹಳೆಯ ಕಡ್ಡಿಗಳಲ್ಲಿ ಯಾವುದು ಯಾವುದರ ಮೇಲೆ ಹಾದುಹೋಗುತ್ತದೆ ಎಂದು ಗೀಚಿಕೊಂಡು, ಬಿಚ್ಚಲು ಬಂದವನ್ನು ಬಿಚ್ಚಿದಳು, ಬಾರದವನ್ನು ಕತ್ತರಿಸಿದಳು. ರಿಮ್ಮುಗಳ ತುಕ್ಕು ತೆಗೆಸಿ, ಬಣ್ಣ ಹೊಡೆಸಿ, ಹೊಸ ಕಡ್ಡಿ ಕಟ್ಟಿದಳು. ಮೊದಲು ಎಲ್ಲವನ್ನೂ ಸಡಿಲವಾಗಿ, ಆಮೇಲೆ ಇದಕ್ಕೆ ಕಾಲು ಸುತ್ತು, ಎದುರಿನದಕ್ಕೆ ಕಾಲು ಸುತ್ತು. ಚಕ್ರವನ್ನು ಸ್ಟ್ಯಾಂಡಿಗೆ ಏರಿಸಿ ತಿರುಗಿಸುತ್ತ ಪಕ್ಕಕ್ಕೆ ಸೀಮೆಸುಣ್ಣ ಹಿಡಿದರೆ ಉಬ್ಬಿದ ಕಡೆ ಮಾತ್ರ ಬಿಳಿ ಗೆರೆ ಬೀಳುತ್ತದೆ. ಅಲ್ಲಿ ಒಂದು ಕಡ್ಡಿ ಬಿಗಿ ಮಾಡು, ಒಂದು ಸಡಿಲಿಸು. ಒರೆಸು, ಮತ್ತೆ ತಿರುಗಿಸು. ಗೆರೆ ಸುತ್ತಲೂ ಒಂದೇ ಸಮ ಬೀಳುವವರೆಗೆ ಬಿಡುವಂತಿಲ್ಲ. ಕೊನೆಗೆ ಉಗುರಿನಿಂದ ಒಂದೊಂದೇ ಕಡ್ಡಿ ಮೀಟಬೇಕು. ಸ್ವರ ತಗ್ಗಿದ್ದು ಕೆಲಸಗಳ್ಳ, ಪಕ್ಕದವರ ಮೇಲೆ ಭಾರ ಹಾಕಿ ಆರಾಮಾಗಿ ಕೂತಿರುತ್ತದೆ.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ.

"ಈಗ ಮೀಟಿದ್ದು," ಎನ್ನುತ್ತಿದ್ದ.

"ಕೇಳಿಸ್ತು," ಎನ್ನುತ್ತಿದ್ದಳು.

ದಿನವಿಡೀ ಅವರಿಬ್ಬರ ಮಾತು ಅಷ್ಟೇ. ಅವಳಿಗೆ ಅಷ್ಟು ಸಾಕಾಗಿತ್ತು.

ನಾಲ್ಕನೆಯ ಚಕ್ರ ಮುಗಿದ ದಿನ ಟೈರಿನ ಹೊದಿಕೆ ಬಿಚ್ಚಿದಳು. ಮೇಲ್ನೋಟಕ್ಕೆ ಕರ್ರಗೆ ಇತ್ತು, ಅಚ್ಚಿನಿಂದ ಬಂದ ಸಣ್ಣ ರಬ್ಬರ್ ಎಳೆಗಳೂ ಉದುರಿರಲಿಲ್ಲ. ಎರಡು ಅಂಗೈ ನಡುವೆ ಹಿಡಿದು ಹಿಂದಕ್ಕೆ ಬಗ್ಗಿಸಿದಳು. ಪಟ್ಟೆಗಳ ಸಂದಿನಲ್ಲಿ ಕೂದಲೆಳೆಯ ಬಿರುಕುಗಳು ಸಾಲಾಗಿ ಬಾಯಿಬಿಟ್ಟವು. ಉಗುರು ಒತ್ತಿದಳು, ಗುರುತು ಮೂಡಲಿಲ್ಲ. ಮೂಸಿದಳು, ರಬ್ಬರಿನ ವಾಸನೆಯೇ ಇಲ್ಲ.

"ಇದು ಸತ್ತಿದೆ," ಎಂದಳು.

ತಮ್ಮ ಬಂದು ನೋಡಿದ. "ನೋಡೋಕೆ ಚೆನ್ನಾಗೇ ಇದೆಯಲ್ಲ."

"ಸತ್ತವರು ಎಷ್ಟೋ ಜನ ನೋಡೋಕೆ ಚೆನ್ನಾಗೇ ಇರ್ತಾರೆ."

ಅವನು ಟೈರನ್ನು ಅವಳ ಕೈಯಿಂದ ತೆಗೆದುಕೊಂಡು ಮತ್ತೆ ಹೊದಿಕೆಯಲ್ಲಿ ಸುತ್ತಿದ. ಆಮೇಲೆ, "ಅಕ್ಕ, ಭಾನುವಾರ ಹಳೇ ಕಾರುಗಳ ಮೆರವಣಿಗೆ. ವಕೀಲರ ತಾಯಿಗೆ ಎಂಬತ್ತನಾಲ್ಕು. ಗಂಡ ತಂದ ಟೈರಿನ ಮೇಲೆ ಒಂದು ಸುತ್ತು ಕೂರಿಸ್ಕೊಂಡು ಬರೋಣ ಅಂತ ಮಗನಿಗೆ ಆಸೆ. ಅವತ್ತೊಂದೇ ದಿನ," ಎಂದ.

"ದೊಡ್ಡ ಸೇತುವೆ ದಾಟಬೇಕಲ್ಲ."

"ಆಮೆ ಥರ ಹೋಗ್ತಾರೆ ಕಣಕ್ಕ."

"ಆಮೆ ಕಾಲು ಸಿಡಿಯಲ್ಲ."

"ಏನು ಮಾಡು ಅಂತೀಯ ಈಗ?"

"ಈ ಅಳತೆಯ ಟೈರು ಈಗ್ಲೂ ಮಾಡ್ತಾರೆ. ತರಿಸು. ಎರಡು ವಾರ ಆಗುತ್ತೆ."

"ಭಾನುವಾರಕ್ಕೆ ಇರೋದು ಐದು ದಿನ."

"ಹಾಗಾದ್ರೆ ಈ ಭಾನುವಾರ ಇಲ್ಲ."

"ನೀನು ಕಡ್ಡಿ ನೋಡ್ಕೋ," ಎಂದ ತಮ್ಮ. "ಟೈರಿಗೆ ಯಾಕೆ ಮೂಗು ತೂರಿಸ್ತೀಯ? ಅಪ್ಪ, ನೀನಾದ್ರೂ ಹೇಳು."

ಅಪ್ಪ ಕಣ್ಣು ಬಿಟ್ಟ. "ಹಿಂದೆ ಕೂರೋದು ಯಾರು?" ಎಂದ, ಮತ್ತೆ ಮುಚ್ಚಿದ.

ಅಪ್ಪ ಅಂಗಡಿ ತೆರೆದಾಗಿನಿಂದ ಅಲ್ಲಿ ಒಂದು ಪದ್ಧತಿ ಇತ್ತು. ಚಕ್ರ ಸಿದ್ಧಮಾಡಿದವರು ಗಾಡಿಯ ಮೊದಲ ಸುತ್ತಿಗೆ ಹಿಂದಿನ ಸೀಟಿನಲ್ಲಿ ಕೂರಬೇಕು. ಬ್ರೇಕೂ ಕಾಲಿಗೆ ಸಿಗದ, ಸ್ಟಿಯರಿಂಗೂ ಕೈಗೆ ಸಿಗದ ಜಾಗದಲ್ಲಿ. ಅಪ್ಪ ನೂರಾರು ಕಾರುಗಳಲ್ಲಿ ಹಾಗೆ ಕೂತು ಬಂದಿದ್ದ. ಎರಡು ವರ್ಷದಿಂದ ಅವಳು ಕೂರುತ್ತಿದ್ದಳು. ಗಿರಾಕಿಗಳಿಗೆ ಅದೊಂದು ತಮಾಷೆ, ತಮ್ಮನಿಗೆ ಅದೊಂದು ಜಾಹೀರಾತು.

"ಅಕ್ಕ ಕೂರ್ತಾಳೆ. ಯಾವಾಗ್ಲೂ ಅವಳೇ ತಾನೆ?"

"ಇದಕ್ಕೆ ಕೂರಲ್ಲ," ಎಂದಳು.

ಹೆದರಿಕೆಯಿಂದ ಹೇಳಿದ್ದಲ್ಲ. ಆ ಥರದ ಹೆದರಿಕೆ ಅವಳಿಗೆ ಎರಡು ವರ್ಷದ ಹಿಂದೆಯೇ ಮುಗಿದುಹೋಗಿತ್ತು. ತಾನು ಕೂತರೆ ಮುಂದಿನ ಸಲ ವಕೀಲರ ತಾಯಿ ನಂಬಿ ಕೂರುತ್ತಾರೆ, ಅಷ್ಟೇ ಅವಳಿಗೆ ಗೊತ್ತಿದ್ದದ್ದು.

ಶುಕ್ರವಾರ ಸಂಜೆ ಅವಳು ಅಪ್ಪನನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದಳು. ಶನಿವಾರ ಬೆಳಿಗ್ಗೆ ಅಂಗಡಿಗೆ ಬಂದರೆ ನಾಲ್ಕು ಚಕ್ರಗಳೂ ಟೈರು ತೊಟ್ಟು ಗೋಡೆಗೆ ಒರಗಿ ನಿಂತಿದ್ದವು. ಹೊಳೆಯುತ್ತಿದ್ದವು. ಒಲೆಯ ಪಕ್ಕ ನೀರು ಕಾಯಿಸಿದ ಹಂಡೆ ಇನ್ನೂ ಹಾಗೇ ಇತ್ತು. ತಮ್ಮ ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ ಏರಿಸಿದ್ದಾನೆ. ಬೆರಳಿನಿಂದ ಸವರಿದಳು. ಕಪ್ಪು ಅಂಟಿತು.

"ಬೂಟ್ ಪಾಲಿಶಾ?"

"ಟೈರಿಗೆ ಹಾಕೋದೇ. ಹತ್ತು ಗಂಟೆಗೆ ವಕೀಲರು ಬರ್ತಾರೆ, ರಗಳೆ ಮಾಡ್ಬೇಡ," ಎಂದ ಪಾಲಿಶ್ ಬಟ್ಟೆ ಹಿಡಿದಿದ್ದ ತಮ್ಮ.

"ಬಿರುಕಿನ ಒಳಗೂ ತುಂಬಿದೀಯ."

"ಅಕ್ಕ." ತಮ್ಮ ಪಾಲಿಶ್ ಬಟ್ಟೆಯನ್ನು ಮೇಜಿನ ಮೇಲೆ ಎಸೆದ. "ಮನೇಲಿ ಕೂತ್ರೆ ಕೊರಗ್ತೀಯ ಅಂತ ಇಲ್ಲಿಗೆ ಬಿಟ್ಟಿದ್ದು. ಅಂಗಡಿ ನಡೆಸು ಅಂತ ಅಲ್ಲ."

ಹೇಳಿದ ಮೇಲೆ ಅವನ ಮುಖ ಸಣ್ಣದಾಯಿತು. ಅವಳಿಗೆ ನೋವಾಗಲಿಲ್ಲ. ಜೋಮು ಹಿಡಿದ ಕಾಲನ್ನು ಯಾರೋ ತುಳಿದ ಹಾಗಿತ್ತು. ತುಳಿದದ್ದು ಗೊತ್ತಾಯಿತು, ಅಷ್ಟೇ.

"ಸರಿ," ಎಂದಳು. ಗಾಳಿ ಅಳೆಯುವ ಗೇಜನ್ನು ಮೊಳೆಯಿಂದ ತೆಗೆದು ಜೇಬಿಗೆ ಹಾಕಿಕೊಂಡಳು.

ಹಿಂದಿನ ದಿನ ಲಾರಿಯಲ್ಲಿ ಬಂದಿಳಿದ ವಕೀಲರ ಕಾರು ಅಂಗಡಿಯ ಮುಂದಿನ ಓಣಿಯಲ್ಲಿ ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಂತಿತ್ತು. ಗಾಢ ಹಸಿರು ಮೈ, ದೊಡ್ಡ ದುಂಡು ದೀಪಗಳು. ತಮ್ಮ ಚಕ್ರ ಜೋಡಿಸಿ ಜಾಕ್ ಇಳಿಸಿದ. ಐವತ್ತು ವರ್ಷದಲ್ಲಿ ಮೊದಲ ಸಲ ಟೈರುಗಳು ನೆಲ ಮುಟ್ಟಿದವು. ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. ಅಪ್ಪ ಬಾಗಿಲಿನ ಚೌಕಟ್ಟಿಗೆ ಒರಗಿ ನಿಂತಿದ್ದ.

"ಬಾಮ್ಮ, ಕೂತ್ಕೋ," ಎಂದು ವಕೀಲರು ಹಿಂದಿನ ಬಾಗಿಲು ತೆಗೆದರು. "ನಿಮ್ಮಪ್ಪನ ಕಾಯಿದೆ ನಂಗೂ ಗೊತ್ತು."

"ಟೈರು ಹಾಕಿದ್ದು ಅವನು ಸಾರ್. ಇವತ್ತು ಅವನು ಕೂರ್ತಾನೆ."

ತಮ್ಮ ಅವಳನ್ನು ನೋಡಿದ, ಅಪ್ಪನನ್ನು ನೋಡಿದ. "ಅದಕ್ಕೇನಂತೆ," ಎಂದು ಹತ್ತಿ ಕಾಲ ಮೇಲೆ ಕಾಲು ಹಾಕಿ ಕೂತ. ವಕೀಲರು ಮುಂದಿನ ಬಾಗಿಲಿಗೆ ಕೈ ಹಾಕಿದರು.

"ಒಂದು ನಿಮಿಷ ಸಾರ್." ಅವಳು ಹಿಂದಿನ ಚಕ್ರದ ಪಕ್ಕ ಮಂಡಿಯೂರಿದಳು. ಅವನು ಕೂತ ಸೀಟಿಗೂ ಆ ಚಕ್ರಕ್ಕೂ ನಡುವೆ ಒಂದು ತಗಡು ಮಾತ್ರ. ಗೇಜು ಒತ್ತಿ ನೋಡಿದಳು. "ಹದಿನಾರು. ಇದಕ್ಕೆ ಮೂವತ್ತು ಬೇಕು. ಮಿಕ್ಕಿದ್ದು ಎಲ್ಲೋ?"

"ನಿಧಾನಕ್ಕೆ ಹೋಗೋ ಗಾಡಿ, ಸಾಕು ಬಿಡು," ಎಂದ ಒಳಗಿನಿಂದ.

"ಕಮ್ಮಿ ಗಾಳೀಲಿ ಓಡಿಸಿದ್ರೆ ಟೈರು ಕಾಯ್ದು ಹಾಳಾಗುತ್ತೆ ಅಂತ ದಿನಾ ಗಿರಾಕಿಗಳಿಗೆ ಪಾಠ ಹೇಳೋನು ನೀನೇ."

"ಏನಮ್ಮ ತೊಂದರೆ?" ಎಂದರು ವಕೀಲರು.

"ಏನಿಲ್ಲ ಸಾರ್. ಗಾಳಿ ಹಾಕ್ತೀನಿ. ನೀವು ಸ್ವಲ್ಪ ಆ ಕಡೆ ಹೋಗಿ ನಿಂತ್ಕೊಳ್ಳಿ."

ಒಳಗಿನಿಂದ ಗಾಳಿಯ ಪೈಪು ಎಳೆದು ತಂದಳು. ಹದಿನೆಂಟು. ಇಪ್ಪತ್ತು. ಏನೂ ಆಗಲಿಲ್ಲ. ಇಪ್ಪತ್ತೆರಡಕ್ಕೆ ಪಾಲಿಶು ಸಣ್ಣ ಹಕ್ಕಳೆಗಳಾಗಿ ಎದ್ದಿತು. ಇಪ್ಪತ್ನಾಲ್ಕಕ್ಕೆ ಟೈರಿನ ಪಕ್ಕೆಯಲ್ಲಿ ಬೆರಳುದ್ದದ ಬೂದು ಗೆರೆ ಕಾಣಿಸಿತು. ನೋಡುತ್ತಿದ್ದಂತೆ ಅದು ಗೇಣುದ್ದವಾಯಿತು. ಒಳಗಿನ ನೂಲಿನ ಎಳೆಗಳು ಬಿಳಿಚಿಕೊಂಡು ಹೊರಗಿಣುಕಿದವು. ಹಳೆಯ ಬಟ್ಟೆ ಹರಿದಂಥ ಸದ್ದು, ಬಲು ಮೆಲ್ಲಗೆ.

"ಅಕ್ಕ, ಸಾಕು."

"ಇನ್ನೂ ಆರು ಬೇಕು."

"ಅಕ್ಕ, ದೂರ ಹೋಗು ಅಲ್ಲಿಂದ."

"ನೀನು ಕೂತಿರೋ."

ಬಾಗಿಲು ದಢಾರನೆ ತೆರೆಯಿತು. ತಮ್ಮ ಧುಮುಕಿ ಬಂದು ಪೈಪು ಕಿತ್ತುಕೊಂಡು, ಅವಳ ರಟ್ಟೆ ಹಿಡಿದು ಗೋಡೆಯವರೆಗೆ ಎಳೆದ. "ಹುಚ್ಚು ಹಿಡಿದಿದೆಯಾ ನಿಂಗೆ? ಮುಖಕ್ಕೆ ಸಿಡಿದಿದ್ರೆ?"

"ಸಿಡಿಯಲ್ಲ ಅಂತ ಐದು ದಿನದಿಂದ ನೀನೇ ತಾನೆ ಹೇಳ್ತಿರೋದು."

ಅವಳು ರಟ್ಟೆ ಬಿಡಿಸಿಕೊಂಡಳು. ಹೋಗಿ ವಾಲ್ವು ಒತ್ತಿ ಗಾಳಿ ಬಿಟ್ಟಳು. ವಕೀಲರು ಹತ್ತಿರ ಬಂದು ಬಗ್ಗಿ ಆ ಗೆರೆಯ ಮೇಲೆ ಬೆರಳಿಟ್ಟರು. ಬೆರಳ ತುದಿ ಒಳಗೆ ಹೋಯಿತು.

"ಹಾಳು ಮಾಡಿಬಿಟ್ರಿ," ಎಂದರು. "ನಮ್ಮ ತಂದೆಯ ಟೈರು."

"ನಾನು ಹಾಕಿದ್ದು ಗಾಳಿ ಮಾತ್ರ ಸಾರ್. ಬಿರುಕು ಬಿಟ್ಟಿದ್ದು ಮಂಚದ ಕೆಳಗೇ."

"ಬೇರೆ ಅಂಗಡಿಗಳೂ ಇವೆ ಈ ಊರಲ್ಲಿ."

"ಇವೆ. ಧಾರಾಳವಾಗಿ ಹೋಗಿ. ಆದ್ರೆ ನನ್ನ ಕಡ್ಡಿ ಬಿಚ್ಚಿಕೊಂಡು ಕೊಡ್ತೀನಿ." ಕಡ್ಡಿ ತಿರುಗಿಸುವ ಕೀಲಿಯನ್ನು ಜೇಬಿನಿಂದ ತೆಗೆದಳು. "ಇನ್ನೂರ ನಲವತ್ತು. ಸಾಯಂಕಾಲ ಆಗುತ್ತೆ. ನಿಮ್ಮ ಹಳೇದು ಗೋಣಿಚೀಲದಲ್ಲಿದೆ, ಕತ್ತರಿಸಿದ್ದೂ ಸೇರಿ. ತಂದ ಹಾಗೇ ತಗೊಂಡು ಹೋಗಬಹುದು. ಈ ಟೈರನ್ನ ನನ್ನ ಕಡ್ಡಿ ಹೊರಲ್ಲ."

"ನನ್ನ ಎದುರು ಯಾರೂ ಹೀಗೆ ಮಾತಾಡಲ್ಲ ಕಣಮ್ಮ."

"ಮಾತಾಡಿದ್ರೆ ಒಳ್ಳೇದಿತ್ತು."

ಬಾಗಿಲಲ್ಲಿ ಅಪ್ಪನಿಗೆ ನಗು ಬಂದು ಕೆಮ್ಮಾಯಿತು. ವಕೀಲರು ಕೆಂಪಾದರು. ಟೈರಿನ ಕಡೆ ಮತ್ತೊಮ್ಮೆ ನೋಡಿದರು. ಆಮೇಲೆ ಬೇರೆಯೇ ದನಿಯಲ್ಲಿ, "ಅಮ್ಮ ಬೆಳಿಗ್ಗೆಯಿಂದ ಸೀರೆ ಆರಿಸ್ತಾ ಕೂತಿದ್ದಾರೆ. ಅವರಿಗೆ ಏನಂತ ಹೇಳ್ಲಿ?" ಎಂದರು.

"ಟೈರು ಸತ್ತಿದೆ ಅನ್ನಿ. ಅವರಿಗೆ ಅರ್ಥ ಆಗುತ್ತೆ."

ವಕೀಲರು ಕಾರಿನ ಹಿಂದಿನ ಬಾಗಿಲು ಮುಚ್ಚಿದರು. ಸಂಜೆ ಫೋನ್ ಮಾಡುತ್ತೇನೆಂದು ಹೇಳಿ ಓಣಿಯ ತುದಿಯವರೆಗೆ ನಡೆದೇ ಹೋದರು.

ಅವಳು ಕಾರನ್ನು ಮತ್ತೆ ಸ್ಟ್ಯಾಂಡಿಗೆ ಎತ್ತಿದಳು. ಹಿಂದಿನ ಚಕ್ರ ಬಿಚ್ಚಿ ನೆಲದ ಮೇಲೆ ಮಲಗಿಸಿ, ರಿಮ್ಮಿಗೂ ಟೈರಿಗೂ ನಡುವೆ ಮೀಟುಗೋಲು ತೂರಿಸಿದಳು. ಒಬ್ಬಳ ಕೈಗೆ ಅದು ಜಗ್ಗಲಿಲ್ಲ. ತಮ್ಮ ಗೋಡೆಯ ಬಳಿಯೇ ನಿಂತಿದ್ದ.

"ಅವರು ಬೇರೆ ಕಡೆಗೇ ಹೋದ್ರೆ?"

"ಹೋಗ್ಲಿ."

"ಊರೆಲ್ಲ ಬೈಕೊಂಡು ಬರ್ತಾರೆ."

"ಬರ್ಲಿ. ನೀನು ಆ ಕಡೆಯಿಂದ ಮೀಟು."

ಅವನು ಎದುರಿಗೆ ಬಂದು ಕುಕ್ಕರುಗಾಲಲ್ಲಿ ಕೂತ. ಕೋಲು ಹಿಡಿದ, ಬಲ ಹಾಕಲಿಲ್ಲ. "ಬೆಳಿಗ್ಗೆ ನಾನು ಹಾಗೆ ಅನ್ನಬಾರದಿತ್ತು."

"ಅಂದಾಯ್ತಲ್ಲ. ಇನ್ಮೇಲೆ ಯಾವ ಗಾಡಿಗೂ ಟೈರು ಹಾಕೋ ಮೊದ್ಲು ನನ್ನ ಕೇಳ್ತೀಯ."

"ಕೇಳ್ತೀನಿ."

"ಬರೀ ಕೇಳೋದಲ್ಲ. ನಾನು ಬೇಡ ಅಂದ್ರೆ ಬೇಡ."

ತಮ್ಮ ಅಪ್ಪನ ಕಡೆ ತಿರುಗಿದ. ಅಪ್ಪ ಆಗಲೇ ಒಳಗೆ ಹೋಗಿದ್ದ. ಅವನು ಎದ್ದು ನಿಂತು, ಕೋಲಿನ ಮೇಲೆ ಕಾಲಿಟ್ಟು, ಮೈಭಾರವೆಲ್ಲ ಬಿಟ್ಟ. ಟೈರು ಒಣ ಸದ್ದು ಮಾಡಿ ರಿಮ್ಮಿನಿಂದ ಕಳಚಿಕೊಂಡಿತು. ಅಂಚಿನಿಂದ ಕಪ್ಪು ಪುಡಿ ಉದುರಿತು.

ಅವಳು ರಿಮ್ಮನ್ನು ಬಟ್ಟೆಯಿಂದ ಒರೆಸಿದಳು. "ಮುಂದಿನದು ಬಿಚ್ಚು," ಎಂದಳು.